ಮೂರನೆಯ ಬೇಸಿಗೆ



1997ರ ಆಗಸ್ಟ್ 15ರಂದು ಅಂದಿನ ಬಿಜಾಪುರದಿಂದ ಬೇರೆಯಾಗಿ ನಮ್ಮ ಬಾಗಲಕೋಟೆ ಜಿಲ್ಲೆ ಹುಟ್ಟಿತು. ಅದೇ ವರ್ಷ ಡಿಸೆಂಬರ್ 18 ಮತ್ತು 19ರಂದು ಬೆಂಗಳೂರಿನಲ್ಲಿ ಶ್ರೀಗಂಧ ಮತ್ತು ಅದರ ಉತ್ಪನ್ನಗಳ ಕುರಿತು ಒಂದು ಅಂತರರಾಷ್ಟ್ರೀಯ ವಿಚಾರ ಸಂಕಿರಣ ನಡೆಯಿತು. ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೂ ಕರ್ನಾಟಕ ಅರಣ್ಯ ಇಲಾಖೆಯೂ ಸೇರಿ ಏರ್ಪಡಿಸಿದ ಸಭೆ ಅದು. ಅಲ್ಲಿ ಮಂಡನೆಯಾದ ಪ್ರಬಂಧಗಳನ್ನು ಮರುವರ್ಷ ಆಸ್ಟ್ರೇಲಿಯದ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಕೇಂದ್ರ ಕ್ಯಾನ್‌ಬೆರಾದಿಂದ ಪುಸ್ತಕವಾಗಿ ತಂದಿತು. ಆಗ ಆ ಸಭೆಗೂ ನಮ್ಮ ಹೊಸ ಜಿಲ್ಲೆಗೂ ಏನೂ ಸಂಬಂಧವಿರಲಿಲ್ಲ. ಈಗ ಇದೆ. ನಮ್ಮ ಮಸಾರಿ ಹೊಲಗಳಲ್ಲಿ ಶ್ರೀಗಂಧದ ಸಾಲುಗಳು ಎದ್ದು ನಿಂತಿವೆ. ಜೋಳ, ಕಡಲೆ ಬೆಳೆಯುತ್ತಿದ್ದ ಮನೆಗಳು ಹದಿನೈದು, ಇಪ್ಪತ್ತು ವರ್ಷದ ಲೆಕ್ಕ ಹಾಕತೊಡಗಿವೆ. ಹಾಗಾಗಿ ಸುಸ್ಥಿರ ಅರಣ್ಯ, ಮರದ ಶರೀರಕ್ರಿಯೆ ಎಂದು ವಿದ್ವಾಂಸರು ದೊಡ್ಡ ಸಭೆಗಳಲ್ಲಿ ಚರ್ಚಿಸುವ ವಿಷಯವನ್ನು ನಮ್ಮ ಎರಿ ಮತ್ತು ಮಸಾರಿ ನೆಲದ ಮೇಲೆ ನಿಂತು ಮಾತಾಡುವುದು ಇವತ್ತಿನ ಅಗತ್ಯ ಎಂದುಕೊಂಡು ಬಂದಿದ್ದೇನೆ.

ಶ್ರೀಗಂಧದಿಂದಲೇ ಆರಂಭಿಸೋಣ. ಇದು ಒಂಟಿಯಾಗಿ ಬಾಳಲಾರದ ಮರ. ಎಲೆ ಹಸಿರಾಗಿದೆ, ಬಿಸಿಲಿನಲ್ಲಿ ತನ್ನ ಆಹಾರವನ್ನು ತಾನೇ ಮಾಡಿಕೊಳ್ಳುತ್ತದೆ. ನೀರು ಮತ್ತು ಲವಣಗಳಿಗೆ ಮಾತ್ರ ನೆರೆಯ ಗಿಡದ ಬೇರು ಹಿಡಿಯುತ್ತದೆ. ಎರಡು ಮೂರು ವರ್ಷದ ಸಸಿಯ ಬುಡದಲ್ಲಿ ಮಣ್ಣನ್ನು ಮೆಲ್ಲಗೆ ಬಿಡಿಸಿ ನೋಡಿ. ದಾರದಷ್ಟು ಸಣ್ಣ ಬೇರಿನ ತುದಿ ಪಕ್ಕದ ತೊಗರಿಯ ಬೇರನ್ನು ಮುಟ್ಟಿದ ಕಡೆ ಒಂದು ಬಿಳಿಯ ಗಂಟು ಅಂಟಿಕೊಂಡಿರುತ್ತದೆ. ಹರಿತವಾದ ಬ್ಲೇಡಿನಿಂದ ಅದನ್ನು ಸೀಳಿದರೆ ಗಂಟಿನ ನಡುವಿನಿಂದ ಒಂದು ಬೆಣೆ ತೊಗರಿ ಬೇರಿನ ತೊಗಟೆ ದಾಟಿ ಒಳಗಿನ ನೀರ್ನಾಳದವರೆಗೆ ಹೋಗಿರುವುದು ಕಾಣುತ್ತದೆ. ಈ ಗಂಟಿಗೆ ಹಾಸ್ಟೋರಿಯಂ ಎಂದು ಹೆಸರು. ಮದ್ರಾಸಿನಲ್ಲಿದ್ದ ಸಸ್ಯವಿಜ್ಞಾನಿ ಸಿ. ಎ. ಬಾರ್ಬರ್ 20ನೇ ಶತಮಾನದ ಮೊದಲ ದಶಕದಲ್ಲೇ ಇದರ ರಚನೆಯನ್ನು ವಿವರವಾಗಿ ಬಿಡಿಸಿ ಬರೆದಿದ್ದರು. ಶ್ರೀಗಂಧ ಹೀಗೆ ಬೇರು ಹಿಡಿಯಬಲ್ಲ ಸಸ್ಯ ಜಾತಿಗಳು 300ಕ್ಕೂ ಹೆಚ್ಚು. ಎಲ್ಲವೂ ಒಂದೇ ಸಮ ಅಲ್ಲ. ಗಾಳಿಯ ಸಾರಜನಕವನ್ನು ಹಿಡಿದಿಡುವ ತೊಗರಿ, ಹೊಂಗೆ, ಜಾಲಿಯಂಥ ದ್ವಿದಳ ಗಿಡಗಳು ಸಿಕ್ಕರೆ ಅದರ ಮೈ ಬೇಗ ತುಂಬುತ್ತದೆ.

ನೆರೆಯ ಬೇರಿನಿಂದ ನೀರು ತನ್ನ ಕಡೆಗೆ ಹರಿಯಬೇಕೆಂದರೆ ಶ್ರೀಗಂಧ ತನ್ನ ಎಲೆಯ ಸೆಳೆತವನ್ನು ಆಸರೆ ಗಿಡದ ಸೆಳೆತಕ್ಕಿಂತ ಜೋರಾಗಿ ಇಟ್ಟುಕೊಳ್ಳಬೇಕು. ಆಸರೆ ಗಿಡ ಒಣಗಿದರೆ ಅದರ ಹಿಂದೆಯೇ ಇದೂ ಸೊರಗುತ್ತದೆ. ಹೊಲದಲ್ಲಿ ಬರೀ ಶ್ರೀಗಂಧವನ್ನೇ ಸಾಲಾಗಿ ನೆಟ್ಟು, ಕಳೆ ಎಂದು ಉಳಿದೆಲ್ಲವನ್ನೂ ಕಿತ್ತು ಹೊಲ ಚೊಕ್ಕಟ ಮಾಡುವವರಿಗೆ ನಾನು ಕೈಮುಗಿದು ಹೇಳುವುದು ಇಷ್ಟು: ಆ ಚೊಕ್ಕಟ ಹೊಲದಲ್ಲಿ ಗಂಧ ಉಪವಾಸ ಬೀಳುತ್ತದೆ.

ಇನ್ನು ಚೇಗಿನ ಮಾತು. ಗಂಧದ ಪರಿಮಳವಿರುವುದು ಕಾಂಡದ ಒಳಭಾಗದ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಹೊರಗಿನ ಬಿಳಿ ಕಟ್ಟಿಗೆಗೆ ವಾಸನೆ ಇಲ್ಲ. ಒಳಗಿನ ಜೀವಕೋಶಗಳು ಸಾಯುವ ಮೊದಲು ತಮ್ಮಲ್ಲಿ ಸ್ಯಾಂಟಲಾಲ್ ಮೊದಲಾದ ತೈಲಾಂಶಗಳನ್ನು ತುಂಬಿಡುತ್ತವೆ. ಇದು ಸಾಮಾನ್ಯವಾಗಿ ಹತ್ತು ವರ್ಷದ ಸುಮಾರಿಗೆ ಆರಂಭವಾಗಿ ನಿಧಾನವಾಗಿ ಸಾಗುವ ಕೆಲಸ. ಕಲ್ಲುಮಿಶ್ರಿತ, ಗರಸಿನ ನೆಲದ ಗಂಧಕ್ಕೆ ಪರಿಮಳ ಹೆಚ್ಚು ಎಂದು ಹಳೆಯ ಅರಣ್ಯಾಧಿಕಾರಿಗಳು ಬರೆದಿಟ್ಟಿದ್ದಾರೆ. ಡ್ರಿಪ್ ನೀರು, ಗೊಬ್ಬರ ಕೊಟ್ಟರೆ ಕಾಂಡ ಬೇಗ ದಪ್ಪವಾಗುತ್ತದೆ, ನಿಜ. ಕಾಂಡ ದಪ್ಪವಾಗುವುದು ಬೇರೆ, ಚೇಗು ಕಟ್ಟುವುದು ಬೇರೆ. ಇವೆರಡರ ನಡುವಿನ ಅಂತರವನ್ನು ಕಡಿಮೆ ಮಾಡುವುದು ಹೇಗೆ ಎಂಬುದೇ ಜಗತ್ತಿನ ಗಂಧದ ಸಂಶೋಧಕರು ಹಿಡಿದು ಕೂತಿರುವ ಪ್ರಶ್ನೆ. ಆಸ್ಟ್ರೇಲಿಯದ ಕುನುನುರ‍್ರಾದಲ್ಲಿ ನಮ್ಮದೇ ಜಾತಿಯ ಗಂಧವನ್ನು ನದಿ ನೀರಾವರಿಯಲ್ಲಿ ದೊಡ್ಡ ತೋಟಗಳಾಗಿ ಬೆಳೆಸಿದವರ ಮುಂದೆಯೂ ಇದೇ ಪ್ರಶ್ನೆ ಇತ್ತು.

ಗಂಧಕ್ಕೆ ಇಷ್ಟು ತಡವಾಗಿ ರೈತರ ಹೊಲ ಸಿಕ್ಕಿದ್ದಕ್ಕೆ ಕಾರಣ ಕಾನೂನು. 1792ರಲ್ಲಿ ಟಿಪ್ಪು ಸುಲ್ತಾನ ಅದನ್ನು ರಾಜವೃಕ್ಷವೆಂದು ಸಾರಿದ. ಮೈಸೂರು ಅರಸರು, ಆಮೇಲೆ ಸರ್ಕಾರ ಅದೇ ಹಕ್ಕನ್ನು ಮುಂದುವರಿಸಿದರು. ಸ್ವಂತ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವೂ ರೈತನದಾಗಿರಲಿಲ್ಲ. ಹಾಗಿದ್ದ ಮೇಲೆ ಅದನ್ನು ಉಳಿಸಿಕೊಂಡು ಪೊಲೀಸು, ಕಳ್ಳರು ಇಬ್ಬರ ಕಾಟವನ್ನೂ ಯಾರು ಕಟ್ಟಿಕೊಳ್ಳುತ್ತಾರೆ? ಸಸಿಯಲ್ಲೇ ಕಿತ್ತು ಹಾಕುತ್ತಿದ್ದರು. 2001ರ ತಿದ್ದುಪಡಿಯ ನಂತರ ಹೊಲದ ಒಡೆಯನೇ ಮರದ ಒಡೆಯನಾದ. ಆ ಹೊತ್ತಿಗೆ ಕಾಡಿನ ಗಂಧ ಬಹುಪಾಲು ಹೋಗಿಯಾಗಿತ್ತು. 1998ರಲ್ಲೇ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ಅಪಾಯದಂಚಿನ ಜಾತಿಗಳ ಪಟ್ಟಿಗೆ ಸೇರಿಸಿತ್ತು. ಒಂದು ಮರ ಉಳಿಯುವುದಕ್ಕೆ ಬೇರಿನ ವಿಜ್ಞಾನದಷ್ಟೇ ಹಕ್ಕಿನ ಕಾಗದವೂ ಮುಖ್ಯವೆಂಬುದನ್ನು ಗಂಧದಷ್ಟು ಸ್ಪಷ್ಟವಾಗಿ ತೋರಿಸಿದ ಮರ ಬೇರೊಂದಿಲ್ಲ.

ಗಂಧಕ್ಕೆ ಬೆಲೆಯಿದೆ, ಹಾಗಾಗಿ ಅದಕ್ಕೆ ಸಭೆಗಳೂ ಇವೆ. ನಮ್ಮ ಜಾಲಿ, ಬನ್ನಿ, ಬೇವು, ಬಾರಿ, ಕವಳಿಗಳಿಗೆ ಸಭೆ ಕೂಡಿಸುವವರು ಕಡಿಮೆ. ನನ್ನ ಇಂದಿನ ಮಾತಿನ ಮುಖ್ಯ ಅಂಶ ಇದೇ. ಒಣನಾಡಿನ ಕಾಡನ್ನು ನಾವು ಮಲೆನಾಡಿನ ಅಳತೆಗೋಲಿನಿಂದ ಅಳೆದು, ಕಡಿಮೆ ಬಿದ್ದದ್ದನ್ನೆಲ್ಲ ಹಾಳು ಭೂಮಿ ಎಂದು ಬರೆದುಕೊಂಡು ಬಂದಿದ್ದೇವೆ. ಭಾರತೀಯ ಅರಣ್ಯ ಸಮೀಕ್ಷೆ ಎರಡು ವರ್ಷಕ್ಕೊಮ್ಮೆ ಉಪಗ್ರಹ ಚಿತ್ರ ನೋಡಿ ವರದಿ ಕೊಡುತ್ತದೆ. ಮೊದಲ ವರದಿ 1987ರದ್ದು. ಮರಗಳ ನೆತ್ತಿ ಶೇ 70ಕ್ಕಿಂತ ಹೆಚ್ಚು ನೆಲವನ್ನು ಮುಚ್ಚಿದ್ದರೆ ಅತಿ ದಟ್ಟ ಕಾಡು, 40ರಿಂದ 70 ಇದ್ದರೆ ಮಧ್ಯಮ, 10ರಿಂದ 40 ಇದ್ದರೆ ತೆರೆದ ಕಾಡು, 10ಕ್ಕಿಂತ ಕಡಿಮೆ ಇದ್ದರೆ ಕುರುಚಲು. ಒಂದು ಹೆಕ್ಟೇರು ಮೀರಿದ ಹಣ್ಣಿನ ತೋಟವೂ ಈ ಲೆಕ್ಕದಲ್ಲಿ ಅರಣ್ಯ ಹೊದಿಕೆಗೆ ಸೇರುತ್ತದೆ. ಆದರೆ ಬಾದಾಮಿಯ ಗುಡ್ಡದ ನೆತ್ತಿಯ ಮೇಲೆ, ಬಂಡೆಯ ಬಿರುಕಿಗೆ ಬೇರಿಳಿಸಿ ನೂರು ವರ್ಷ ನಿಂತ ವಿರಳ ಮರಗಳ ಇಳಿಜಾರು ಕುರುಚಲಿನ ಪಟ್ಟಿಗೆ ಬೀಳುತ್ತದೆ.

ವರ್ಷಕ್ಕೆ ಸರಾಸರಿ 600 ಮಿಲಿಮೀಟರಿಗೂ ಕಡಿಮೆ ಮಳೆ ಬೀಳುವ ನೆಲ ನಮ್ಮದು. ಇಲ್ಲಿ ಮರಗಳು ಒಂದನ್ನೊಂದು ಬಿಟ್ಟು ದೂರ ನಿಲ್ಲುವುದು ಬಡತನದ ಗುರುತಲ್ಲ. ಇರುವ ನೀರನ್ನು ಬೇರುಗಳು ಹಂಚಿಕೊಂಡ ರೀತಿ ಅದು. ಬೀಳಗಿ, ಮುಧೋಳದ ನಡುವೆ 2016ರಲ್ಲಿ ಘೋಷಣೆಯಾದ ಯಡಹಳ್ಳಿ ಚಿಂಕಾರ ವನ್ಯಧಾಮವನ್ನು ನೋಡಿ. ಚಿಂಕಾರಕ್ಕೆ ಬೇಕಾದದ್ದು ಇಂಥ ಬಯಲು ಕುರುಚಲೇ. ಅಲ್ಲಿ ಒತ್ತೊತ್ತಾಗಿ ಗಿಡ ನೆಟ್ಟು ದಟ್ಟ ಮಾಡಿದರೆ ಉಪಗ್ರಹಕ್ಕೆ ಸಂತೋಷವಾದೀತು, ಚಿಂಕಾರಕ್ಕೆ ಮನೆ ಹೋಗುತ್ತದೆ.

ಈ ಮರಗಳ ಜಾಣ್ಮೆಯನ್ನು ಕಣ್ಣಾರೆ ನೋಡಬೇಕೆಂದರೆ ಚೈತ್ರದಲ್ಲಿ ಬರಬೇಕು. ಹೊಲ ಬಿರಿದಿರುತ್ತದೆ, ಬಾವಿಯ ನೀರು ತಳ ಕಂಡಿರುತ್ತದೆ, ಮಳೆಗೆ ಇನ್ನೂ ಎರಡು ತಿಂಗಳು. ಆಗ ಬೇವು ಹೊಸ ಎಲೆ ಹೊತ್ತು ಹೂ ಬಿಟ್ಟಿರುತ್ತದೆ; ಯುಗಾದಿಯ ದಿನ ನಮ್ಮ ಬಟ್ಟಲಿಗೆ ಬೀಳುವ ಬೇವಿನ ಹೂ ಆ ಬಿರುಬಿಸಿಲಿನ ಬೆಳೆ. ಹೊಂಗೆ, ಅರಳಿ, ಬನ್ನಿಗಳೂ ಹೀಗೆಯೇ. ನೀರಿಲ್ಲದ ಕಾಲದಲ್ಲಿ ಅತಿ ಹೆಚ್ಚು ನೀರು ಬೇಡುವ ಎಳೆ ಎಲೆಯನ್ನು ಏಕೆ ಬಿಡುತ್ತವೆ? ವಿಜ್ಞಾನಿಗಳು ಏಷ್ಯಾದ ಮಾನ್ಸೂನ್ ಕಾಡುಗಳುದ್ದಕ್ಕೂ ಈ ಒಗಟನ್ನು ಬೆನ್ನತ್ತಿದ್ದಾರೆ. ಹಳೆಯ ಎಲೆಗಳು ಉದುರಿದ ಕೂಡಲೇ ಮರದ ಖರ್ಚು ನಿಲ್ಲುತ್ತದೆ, ಆಳದ ಬೇರುಗಳು ಎತ್ತಿಕೊಟ್ಟ ನೀರು ಕಾಂಡದಲ್ಲಿ ತುಂಬಿಕೊಳ್ಳುತ್ತದೆ, ಹಗಲು ಉದ್ದವಾಗುತ್ತಿದ್ದಂತೆ ಮೊಗ್ಗು ಒಡೆಯುತ್ತದೆ. ಒಣಗಾಲದಲ್ಲಿ ಎಲೆ ತಿನ್ನುವ ಹುಳುಗಳೂ ಕಡಿಮೆ. ರೋಹಿಣಿ, ಮೃಗಶಿರದ ಮೊದಲ ಹನಿ ಬೀಳುವ ಹೊತ್ತಿಗೆ ಎಲೆ ಬಲಿತು ದುಡಿಮೆಗೆ ಸಿದ್ಧವಾಗಿರುತ್ತದೆ.

ಬನ್ನಿಯ ಬಗ್ಗೆ ಇನ್ನೊಂದು ಮಾತು. ಮಹಾನವಮಿ ಮುಗಿದು ಬನ್ನಿ ಕೊಟ್ಟು ಬಂಗಾರದಂಗ ಇರೋಣು ಎನ್ನುವ ನಾವು, ಅದೇ ಮರವನ್ನು ರಾಜಸ್ಥಾನದವರು ಖೇಜ್ರಿ ಎಂದು ಪ್ರಾಣ ಕೊಟ್ಟು ಕಾದರೆಂಬುದನ್ನು ನೆನೆಯಬೇಕು. 1730ರಲ್ಲಿ ಖೇಜಡ್ಲಿ ಗ್ರಾಮದಲ್ಲಿ ಅಮೃತಾದೇವಿಯೊಂದಿಗೆ 363 ಮಂದಿ ಬಿಷ್ಣೋಯಿಗಳು ಆ ಮರಗಳನ್ನು ತಬ್ಬಿ ತಲೆ ಕೊಟ್ಟರು. ಅಲ್ಲಿ ಸಜ್ಜೆಯ ಹೊಲದ ನಡುವೆಯೇ ಖೇಜ್ರಿಯನ್ನು ಉಳಿಸುತ್ತಾರೆ. ಅದರ ಬುಡದಲ್ಲಿ ಬೆಳೆ ಸೊರಗುವುದಿಲ್ಲ, ಚೆನ್ನಾಗಿಯೇ ಬರುತ್ತದೆ. ಬೇರು ಬೆಳೆಯ ಬೇರಿಗಿಂತ ಬಹಳ ಕೆಳಗಿಳಿದಿರುವುದು ಒಂದು ಕಾರಣ, ಉದುರಿದ ಎಲೆ ಮಣ್ಣಿಗೆ ಸಾರ ಕೊಡುವುದು ಇನ್ನೊಂದು. ಇದರ ದಾಯಾದಿ ಬಳ್ಳಾರಿ ಜಾಲಿ 19ನೇ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕ ಖಂಡದಿಂದ ಬಂದದ್ದು. ವರ್ಷವಿಡೀ ಹಸಿರು, ಉಪಗ್ರಹದ ಕಣ್ಣಿಗೆ ತಂಪು. ಅದರ ಬುಡದಲ್ಲಿ ಹುಲ್ಲು ಬರುವುದಿಲ್ಲ, ಬಾರಿ ಕವಳಿಗೆ ಜಾಗ ಉಳಿಯುವುದಿಲ್ಲ. ಹಸಿರಿನ ಪ್ರಮಾಣವನ್ನಷ್ಟೇ ಅಳೆದರೆ ಬನ್ನಿ ಸೋಲುತ್ತದೆ.

ಈಗ ಗಿಡ ನೆಡುವ ವಿಷಯಕ್ಕೆ ಬರುತ್ತೇನೆ. ಪ್ರತಿ ವರ್ಷ ಜೂನ್ 5ರಂದು ನಾವೆಲ್ಲ ಸಸಿ ನೆಡುತ್ತೇವೆ. ಜಾಲಿಯ ಬೀಜ ತಾನಾಗಿ ಬಿದ್ದು ಮೊಳೆತ ಒಂದು ಸಸಿಯನ್ನು ಒಡ್ಡಿನ ಮೇಲಿಂದ ಎಚ್ಚರಿಕೆಯಿಂದ ಅಗೆದು ನೋಡಿ: ಮೇಲೆ ಗೇಣುದ್ದ ಕಾಂಡ, ಕೆಳಗೆ ಮೊಳ ಮೀರಿದ ನೆಟ್ಟಗಿನ ತಾಯಿಬೇರು. ಮೊದಲ ಮಳೆಗಾಲದಲ್ಲಿ ಅದು ತನ್ನ ಗಳಿಕೆಯ ಬಹುಪಾಲನ್ನು ಕೆಳಗೇ ಇಳಿಸಿರುತ್ತದೆ. ಅದೇ ಜಾಲಿಯನ್ನು ನರ್ಸರಿಯ ಸಣ್ಣ ಪಾಲಿಥಿನ್ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟರೆ ತಾಯಿಬೇರು ತಳ ಮುಟ್ಟಿ ಸುತ್ತಿಕೊಳ್ಳುತ್ತದೆ. ಹಾಗೆ ಸುತ್ತಿದ ಬೇರನ್ನು ಗುಂಡಿಗೆ ಇಳಿಸಿದ ಮೇಲೂ ಅದು ನೇರವಾಗುವುದು ಕಷ್ಟ. ಮೊದಲ ಬೇಸಿಗೆಗೆ ಟ್ಯಾಂಕರ್ ನೀರು ಸಿಗುತ್ತದೆ, ಎರಡನೆಯದಕ್ಕೂ ಸಿಕ್ಕೀತು. ಮೂರನೆಯ ಬೇಸಿಗೆಯಲ್ಲಿ ಗಿಡ ಮತ್ತು ನೆಲ ಎರಡೇ ಎದುರುಬದುರು. ಆಗ ಸುತ್ತಿದ ಬೇರಿನ ಗಿಡ ನಿಲ್ಲುವುದಿಲ್ಲ. ನಮ್ಮ ದಾಖಲೆ ಪುಸ್ತಕಗಳಲ್ಲಿ ಎಷ್ಟು ನೆಟ್ಟೆವು ಎಂಬ ಕಾಲಂ ಇರುತ್ತದೆ. ಮೂರನೆಯ ಬೇಸಿಗೆ ಕಳೆದ ಮೇಲೆ ಎಷ್ಟು ಉಳಿದವು ಎಂಬ ಕಾಲಂ ಮೊದಲ ಪುಟದಲ್ಲೇ ಇರಬೇಕು ಎಂಬುದು ನನ್ನ ಬೇಡಿಕೆ.

ಕುರಿಗಾರರು ಈ ಪಾಠವನ್ನು ಬಹಳ ಹಿಂದೆಯೇ ಕಲಿತವರು. ಜಾಲಿಕಾಯಿ ತಿಂದ ಆಡು ಕುರಿಗಳ ಹೊಟ್ಟೆಯಲ್ಲಿ ಬೀಜದ ಗಟ್ಟಿ ಸಿಪ್ಪೆ ಮೆತ್ತಗಾಗುತ್ತದೆ. ಹೊಲದಲ್ಲಿ ಕುರಿ ತರುಬಿದ ರಾತ್ರಿ ಗೊಬ್ಬರವೂ ಬೀಜವೂ ಒಟ್ಟಿಗೆ ಬೀಳುತ್ತವೆ. ನರ್ಸರಿಯವರು ಬೀಜವನ್ನು ಬಿಸಿನೀರಿಗೆ ಹಾಕುವುದೂ ಇದೇ ಉದ್ದೇಶಕ್ಕೆ. ಮಡ್ಡಿ, ಒಡ್ಡು, ಹಳ್ಳದ ದಂಡೆಗಳಲ್ಲಿ ಚೀಲದ ಸಸಿಯ ಬದಲು ಬೀಜ ಬಿತ್ತಿ ಎರಡು ವರ್ಷ ಕಾವಲು ಕೊಡುವುದು ಎಷ್ಟೋ ಕಡೆ ಕಡಿಮೆ ಖರ್ಚಿನ, ಹೆಚ್ಚು ಬಾಳುವ ದಾರಿ. ಆ ಕಾವಲಿನ ಕರಾರನ್ನು ಕುರಿಗಾರರನ್ನು ಹೊರಗಿಟ್ಟು ಮಾಡಿದರೆ ಅದು ಉಳಿಯುವುದೂ ಇಲ್ಲ.

ಜಾಲಿಯ ಬಗ್ಗೆ ನನಗೆ ವಿಶೇಷ ಪ್ರೀತಿ, ಅದನ್ನು ಮುಚ್ಚಿಡುವುದಿಲ್ಲ. ಕುಂಟಿ, ಕೂರಿಗೆ, ಗಾಡಿಯ ಗಾಲಿ ಎಲ್ಲಕ್ಕೂ ಅದರ ಕಟ್ಟಿಗೆ ಬೇಕು. ಕೆರೆಯ ಅಂಗಳದಲ್ಲಿ ತಿಂಗಳುಗಟ್ಟಲೆ ಬುಡ ನೀರಿನಲ್ಲಿ ಮುಳುಗಿದ್ದರೂ ಕರಿಜಾಲಿ ತಾಳುತ್ತದೆ. ಗಾಳಿ ಸಿಗದ ಮಣ್ಣಿನಲ್ಲಿ ಬೇವಿನ ಬೇರು ಕೊಳೆತುಹೋಗುತ್ತದೆ. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಜಲಾಶಯದ ಹಿನ್ನೀರಿನ ಅಂಚು ಏರುತ್ತ ಇಳಿಯುತ್ತ ಇರುವ ನಮ್ಮ ಜಿಲ್ಲೆಗೆ ಈ ಗುಣ ಸಣ್ಣದಲ್ಲ. ಇನ್ನು ಅಂಟು. ಬಿಸಿಲು ಏರಿದ ದಿನಗಳಲ್ಲಿ ತೊಗಟೆಗೆ ಗಾಯವಾದರೆ ಮರ ಆ ಗಾಯವನ್ನು ಮುಚ್ಚಲು ಅಂಟು ಸುರಿಸುತ್ತದೆ. ಒಣಗಿ ಹರಳಾದ ಅದನ್ನು ಆರಿಸಿ ತಂದು, ತುಪ್ಪದಲ್ಲಿ ಅರಳಿಸಿ, ಕೊಬ್ಬರಿ, ಉತ್ತತ್ತಿ, ಬೆಲ್ಲ ಕೂಡಿಸಿ ಬಾಣಂತಿಗೆ ಅಂಟಿನುಂಡಿ ಕಟ್ಟಿಕೊಡುತ್ತೇವೆ. ಸುಡಾನಿನ ರೈತರು ಇದೇ ಬಳಗದ ಇನ್ನೊಂದು ಮರದ ತೊಗಟೆಯನ್ನು ಒಣಗಾಲದಲ್ಲಿ ಸೀಳಿ ಅಂಟು ತೆಗೆಯುತ್ತಾರೆ. ಜಗತ್ತಿನ ತಂಪು ಪಾನೀಯ, ಔಷಧಿ ಕಾರ್ಖಾನೆಗಳು ಆ ಅಂಟಿಗಾಗಿ ಕಾಯುತ್ತವೆ. ಗಂಧದ ಚೇಗಿನಂತೆ ಇದೂ ಮರ ಕಷ್ಟದಲ್ಲಿ ಮಾಡಿದ ಗಳಿಕೆ.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಜಾಲಿಗೇನು ಆಗತೈತಿ, ಅದು ಯಾವ ಬರಕ್ಕೂ ಸಾಯೂದಿಲ್ಲ ಎಂಬ ಮಾತನ್ನು ನಾವೆಲ್ಲ ಆಡುತ್ತೇವೆ. ಮರದೊಳಗೆ ನೀರು ಮೇಲೇರುವ ಬಗೆ ಗೊತ್ತಾದರೆ ಆ ಧೈರ್ಯ ಕುಂದುತ್ತದೆ. 1894ರಲ್ಲಿ ಡಬ್ಲಿನ್ನಿನ ಡಿಕ್ಸನ್ ಮತ್ತು ಜೋಲಿ ಎಂಬಿಬ್ಬರು, ಎಲೆಯಿಂದ ಆವಿಯಾಗುವ ನೀರೇ ಕೆಳಗಿನ ನೀರನ್ನು ಮೇಲಕ್ಕೆ ಜಗ್ಗುತ್ತದೆ ಎಂದು ವಿವರಿಸಿದರು. ನಮ್ಮ ಜಗದೀಶಚಂದ್ರ ಬೋಸರು ಜೀವಕೋಶಗಳ ಮಿಡಿತದಿಂದ ರಸ ಏರುತ್ತದೆ ಎಂದು ವಾದಿಸಿದ್ದರು. ಸಸ್ಯದ ಸಂವೇದನೆಯ ಬಗ್ಗೆ ಅವರ ಪ್ರಯೋಗಗಳು ಅದ್ಭುತ, ಈ ಒಂದು ವಾದ ಮಾತ್ರ ನಿಲ್ಲಲಿಲ್ಲ. ಎಲೆಯ ಕಡೆಯಿಂದ ಜಗ್ಗಾಟ ಹೆಚ್ಚಿ, ಬೇರಿನ ಕಡೆ ಮಣ್ಣು ಒಣಗಿದಾಗ ನಾಳದೊಳಗಿನ ನೀರಿನ ಎಳೆ ಬಾವಿಯ ಹಗ್ಗದಂತೆ ಕಡಿದುಹೋಗುತ್ತದೆ, ಆ ಜಾಗಕ್ಕೆ ಗಾಳಿ ನುಗ್ಗುತ್ತದೆ. ಇಂಥ ನಾಳಗಳು ಹೆಚ್ಚಾದರೆ ಕೊಂಬೆ ಒಣಗುತ್ತದೆ, ಕೊನೆಗೆ ಮರವೇ. 2012ರಲ್ಲಿ ಬ್ರೆಂಡನ್ ಚೋಟ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಜಗತ್ತಿನ 81 ತಾಣಗಳ 226 ಮರ ಜಾತಿಗಳ ಲೆಕ್ಕ ಒಪ್ಪಿಸಿದರು. ಶೇ 70ರಷ್ಟು ಜಾತಿಗಳು ಈ ಎಳೆ ಕಡಿಯುವ ಅಂಚಿಗೆ ತೀರಾ ಹತ್ತಿರದಲ್ಲೇ ಬಾಳುತ್ತಿವೆ, ಮಳೆಕಾಡಿನವೂ ಅಷ್ಟೇ, ಒಣಕಾಡಿನವೂ ಅಷ್ಟೇ ಎಂಬುದು ಅದರ ಸಾರ. ಒಣನಾಡಿನ ಮರ ಹೆಚ್ಚು ಜಗ್ಗಾಟ ತಾಳುತ್ತದೆ, ನಿಜ; ಆ ತಾಳಿಕೆಯನ್ನೆಲ್ಲ ಈಗಿನ ಬೇಸಿಗೆಗಳಿಗೇ ಖರ್ಚು ಮಾಡುತ್ತಿದೆ. ಇನ್ನೂ ಒಂದೆರಡು ಡಿಗ್ರಿ ಸೆಕೆ ಏರಿದರೆ ಕೈಯಲ್ಲಿ ಉಳಿಕೆ ಇಲ್ಲ.

ಇಳಕಲ್ಲಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅಲ್ಲಿನ ಕೆಂಪು ಗ್ರಾನೈಟು ಸೀರೆಯಷ್ಟೇ ಹೆಸರುವಾಸಿ, ಎಷ್ಟೋ ಮನೆಗಳ ಅನ್ನ ಅದು. ಕಲ್ಲು ಕೊರೆದ ಧೂಳು ಎಲೆಯ ಮೇಲೆ ಕೂತಾಗ ಬೆಳಕು ಕಡಿಮೆ ತಾಗುತ್ತದೆ, ಪತ್ರರಂಧ್ರಗಳು ಕಟ್ಟುತ್ತವೆ, ಎಲೆ ಬಿಸಿಯಾಗುತ್ತದೆ. ತೆಗೆದು ಬಿಟ್ಟ ಕಲ್ಲುಗುಡ್ಡೆಗಳ ಮೇಲೆ ಮಣ್ಣಿಲ್ಲ. ಗಣಿ ಮತ್ತು ಕಾಡಿನ ನಂಟು ಹಳೆಯದು. ಸುಸ್ಥಿರ ಅರಣ್ಯದ ವಿಚಾರವನ್ನು ಮೊದಲು ಪುಸ್ತಕವಾಗಿ ಬರೆದ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ ಜರ್ಮನಿಯ ಸ್ಯಾಕ್ಸನಿಯಲ್ಲಿ ಗಣಿ ಆಡಳಿತದ ಅಧಿಕಾರಿಯಾಗಿದ್ದವನು. ಬೆಳ್ಳಿ ಕರಗಿಸುವ ಕುಲುಮೆಗಳು ಸುತ್ತಲಿನ ಕಾಡನ್ನು ನುಂಗುತ್ತಿದ್ದುದನ್ನು ಕಂಡು, ಬೆಳೆದಷ್ಟೇ ಕಡಿಯಿರಿ ಎಂಬ ಲೆಕ್ಕವನ್ನು 1713ರಲ್ಲಿ ಮುಂದಿಟ್ಟ. ಗಣಿಯವರೇ ಕಾಡಿನ ಲೆಕ್ಕ ಹಾಕಲು ಆರಂಭಿಸಿದ ಆ ಉದಾಹರಣೆಯನ್ನು ಇಳಕಲ್ಲಿನ ಉದ್ಯಮಿಗಳು ಕೈಗೆತ್ತಿಕೊಳ್ಳಲಿ. ಬಿಟ್ಟ ಕ್ವಾರಿಗಳ ಅಂಚಿನಲ್ಲಿ ಗರಸು ಹರಡಿ ಬಾರಿ, ಬೇವು, ತಂಗಡಿ ಬಿತ್ತುವುದು ಅವರ ಶಕ್ತಿಗೆ ಮೀರಿದ ಕೆಲಸವಲ್ಲ.

ನಮ್ಮ ದೇಶದಲ್ಲಿ ಅಂತರರಾಷ್ಟ್ರೀಯ ಸಮ್ಮೇಳನಗಳು ಸಾಮಾನ್ಯವಾಗಿ ಡಿಸೆಂಬರಿನಲ್ಲೋ ಜನವರಿಯಲ್ಲೋ ನಡೆಯುತ್ತವೆ. ಹೊರಗಿನವರಿಗೆ ಹವೆ ಹಿತ. ಅರಣ್ಯ ಸಂಶೋಧನೆಯ ಜಾಗತಿಕ ಒಕ್ಕೂಟ 1892ರಿಂದ ಇದೆ. 2024ರ ಜೂನ್‌ನಲ್ಲಿ ಅದರ ಮಹಾಸಮ್ಮೇಳನ ಸ್ಟಾಕ್‌ಹೋಮಿನಲ್ಲಿ ಸೇರಿತ್ತು. ನಮ್ಮಲ್ಲಿ 2008ರಿಂದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಒಣನಾಡಿನ ಮರಗಳ ಮೇಲೆ ಒಂದು ಅಂತರರಾಷ್ಟ್ರೀಯ ಸಭೆಯನ್ನು ಬಾಗಲಕೋಟೆಯ ನವನಗರದಲ್ಲಿ ಕರೆಯಲಿ, ಏಪ್ರಿಲ್ ಕೊನೆಯ ವಾರದಲ್ಲೇ ಕರೆಯಲಿ. ಬಂದವರು ಮಧ್ಯಾಹ್ನದ ಬಿಸಿಲಿನಲ್ಲಿ ಬನ್ನಿಯ ಎಳೆ ಎಲೆ ಮುಟ್ಟಿ ನೋಡಲಿ. ಬಾದಾಮಿಯ ಮೂರನೆಯ ಗುಹೆಗೆ ಹೋಗಲಿ, ಕ್ರಿ.ಶ. 578ರ ಶಾಸನವಿರುವ ಆ ಗುಹೆಯ ಕಂಬದ ಬೋದಿಗೆಗಳಲ್ಲಿ ಜೋಡಿಗಳು ನಿಂತಿರುವುದು ಮರದ ನೆರಳಿನಲ್ಲಿ, ಎಲೆಗೊಂಚಲುಗಳನ್ನು ಶಿಲ್ಪಿ ಬಿಡಿಬಿಡಿಯಾಗಿ ಕೊರೆದಿದ್ದಾನೆ. ಅಲ್ಲಿಂದ ಬನಶಂಕರಿಗೆ ಇಳಿಯಲಿ. ತಿಲಕಾರಣ್ಯದ ದೇವಿ ಅವಳು, ಹೆಸರಿನಲ್ಲೇ ಬನ ಇರುವವಳು. ಬನದ ಹುಣ್ಣಿಮೆಗೆ 108 ಬಗೆಯ ಪಲ್ಯದ ನೈವೇದ್ಯ ಪಡೆಯುವ ಶಾಕಂಭರಿ. ಹೊಂಡದ ಸುತ್ತ, ಗುಡಿಯ ಸುತ್ತ ಉಳಿದಿರುವ ಮರಗಳ ವಯಸ್ಸು, ಜಾತಿ ಯಾವುದನ್ನೂ ಕೈಬಿಡದೆ ದಾಖಲಿಸುವುದು ಸಭೆಯ ಮೊದಲ ಕೆಲಸವಾಗಲಿ. ಸಭೆಯಲ್ಲಿ ಕುರಿಗಾರರಿಗೂ ಹುನಗುಂದದ ಎರಿ ಹೊಲದಲ್ಲಿ ಒಡ್ಡು ಕಟ್ಟಿದವರಿಗೂ ಮಾತಾಡಲು ವೇಳೆ ಇರಲಿ, ಕನ್ನಡದಲ್ಲಿ.

ಕೊನೆಯದಾಗಿ ಅಧ್ಯಾಪಕರಲ್ಲಿ ಒಂದು ಕೇಳಿಕೆ. ಜಪಾನಿನ ಕ್ಯೋಟೋದಲ್ಲಿ ಚೆರಿ ಹೂ ಅರಳಿದ ದಿನಗಳ ದಾಖಲೆ 9ನೇ ಶತಮಾನದಿಂದ ಸಿಗುತ್ತದೆ. ಆಸ್ಥಾನದವರು ದಿನಚರಿಯಲ್ಲಿ ಬರೆದಿಟ್ಟ ಆ ದಿನಾಂಕಗಳಿಂದ ಇಂದು ಹವಾಮಾನ ವಿಜ್ಞಾನಿಗಳು ಶತಮಾನಗಳ ಸೆಕೆಯನ್ನು ಅಳೆಯುತ್ತಾರೆ. ನಮ್ಮ ದೇಶದಲ್ಲೂ ಸೀಸನ್‌ವಾಚ್ ಎಂಬ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳು ಇದೇ ಕೆಲಸ ಮಾಡುತ್ತಿದ್ದಾರೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಈ ನಾಲ್ಕು ತಾಲೂಕುಗಳ ಪ್ರತಿ ಪ್ರೌಢಶಾಲೆಯೂ ಒಂದು ಬೇವು, ಒಂದು ಬನ್ನಿ, ಒಂದು ಹುಣಸೆಯನ್ನು ಗುರುತು ಮಾಡಿಕೊಂಡು, ವಾರಕ್ಕೊಮ್ಮೆ ಎಲೆ ಉದುರಿದ್ದು, ಚಿಗುರಿದ್ದು, ಹೂ ಬಿಟ್ಟದ್ದು, ಕಾಯಿ ಕಟ್ಟಿದ್ದು ಇಷ್ಟನ್ನು ದಿನಾಂಕದೊಂದಿಗೆ ಒಂದು ನೋಟುಬುಕ್ಕಿನಲ್ಲಿ ಬರೆಸಲಿ. ಪಕ್ಕದಲ್ಲಿ ಆ ವಾರದ ಮಳೆ, ನೆಲ ಎರಿಯೋ ಮಸಾರಿಯೋ ಎಂಬುದು. ಮುಖ್ಯೋಪಾಧ್ಯಾಯರು ವರ್ಗವಾದರೂ ಪುಸ್ತಕ ಶಾಲೆಯಲ್ಲೇ ಉಳಿಯಬೇಕು. ಈ ವರ್ಷ ಆರಂಭಿಸುವ ಶಾಲೆ ಯಾವುದಾದರೂ ಸರಿ, ಗಿಡಗಳನ್ನು ಗುರುತಿಸಿ ಮೊದಲ ಪುಟ ಬರೆಸಿಕೊಡಲು ನಾನು ಬರುತ್ತೇನೆ. ಹೆಸರು ಕೊಡುವವರು ಸಭೆ ಮುಗಿದ ಮೇಲೆ ದಯವಿಟ್ಟು ಇಲ್ಲೇ ವೇದಿಕೆಯ ಹತ್ತಿರ ಬನ್ನಿ.